ಗುರಾಣಿಯವನನ್ನು ಛತ್ರದಲ್ಲಿ ಬಿಟ್ಟದ್ದು

ಕಾಯುವುದೂ ಒಂದು ಉದ್ಯೋಗವೇ. ಸಂಬಳವಿಲ್ಲ, ರಜೆಯಿಲ್ಲ, ಬಡ್ತಿಯಂತೂ ದೂರದ ಮಾತು. 'ಕಂಚಿನ ಬಾಗಿಲು' ಎಂಬ ಕಂಪ್ಯೂಟರ್ ಆಟದ ಐದನೆಯ ಭಾಗಕ್ಕಾಗಿ ಹದಿಮೂರು ವರ್ಷಗಳಿಂದ ಈ ಉದ್ಯೋಗ ಮಾಡುತ್ತಿದ್ದವರು ನಾಲ್ಕು ಸಾವಿರಕ್ಕೂ ಹೆಚ್ಚು ಜನ. ನಾಲ್ಕನೆಯ ಭಾಗದ ಕೊನೆಯಲ್ಲಿ ಆರು ಜನ ಸಂಗಾತಿಗಳು ಬೆಟ್ಟದಷ್ಟು ಎತ್ತರದ ಒಂದು ಬಾಗಿಲನ್ನು ದಾಟುತ್ತಾರೆ. ಆಚೆ ಏನಿದೆ ಎಂದು ತೋರಿಸುವ ಮೊದಲೇ ಪರದೆ ಕಪ್ಪಾಗುತ್ತದೆ. ಕೈ ತೊಳೆದು ಕೂತವರ ಮುಂದಿನಿಂದ ತಟ್ಟೆ ಎತ್ತಿಕೊಂಡು ಹೋದ ಹಾಗೆ. ಅವತ್ತಿನಿಂದ ಆಟದ ಕಂಪನಿಯವರದು ಒಂದೇ ಮಾತು, ನಾಳೆ ಬನ್ನಿ.

ಈ ನಾಲ್ಕು ಸಾವಿರ ಜನ ಇಂಟರ್ನೆಟ್ಟಿನಲ್ಲಿ ಒಂದು ಜಾಗ ಮಾಡಿಕೊಂಡು ಅದಕ್ಕೆ 'ಕಾಯುವವರ ಕಟ್ಟೆ' ಎಂದು ಹೆಸರಿಟ್ಟಿದ್ದರು. ಕಟ್ಟೆಗೆ ಬಂದಾಗ ಮೀಸೆ ಚಿಗುರದಿದ್ದವರಿಗೆ ಈಗ ತಲೆಗೂದಲು ಉದುರಿತ್ತು. ಪ್ರತಿ ವರ್ಷ ಯಾರೋ ಒಬ್ಬ 'ಈ ಸಲ ಖಂಡಿತ, ನನ್ನ ಭಾವನ ಸ್ನೇಹಿತ ಆ ಕಂಪನಿಯಲ್ಲೇ ಇರುವುದು' ಎನ್ನುತ್ತಿದ್ದ. ಉಳಿದವರು ಅವನನ್ನು ಬೈಯುತ್ತ ನಂಬುತ್ತಿದ್ದರು. ಅಲ್ಲಿ 'ಮೊಂಡುಕತ್ತಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು ಗಂಡಸೆಂದು ಎಲ್ಲರ ನಂಬಿಕೆ. ನಿಜವಾಗಿ ಆಕೆ ಮೂವತ್ತೊಂಬತ್ತು ವರ್ಷದ ಹೆಂಗಸು, ಕನ್ನಡಕದ ಅಂಗಡಿಯ ಹಿಂಬದಿ ಕೋಣೆಯಲ್ಲಿ ಗಾಜು ತೇಯುವವಳು. ಮನೆಯಲ್ಲಿ ಎಲ್ಲರಿಗೂ ಅವಳು ಅಕ್ಕ. ಹೆತ್ತ ಅಮ್ಮನೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದಳು. ನಾವೂ ಹಾಗೇ ಕರೆದರಾಯಿತು.

ಐದನೆಯ ಭಾಗದ ಸುದ್ದಿ ಬಂದದ್ದು ಅಪ್ಪ ಸತ್ತ ದಿನ.

ಇಂಥದ್ದು ಕಥೆಯಲ್ಲಿ ಬಂದರೆ ಯಾರೂ ನಂಬುವುದಿಲ್ಲ, ಬದುಕಿನಲ್ಲಿ ಬಂದರೆ ಯಾರೂ ಕ್ಷಮಿಸುವುದಿಲ್ಲ. ಆಸ್ಪತ್ರೆಯಲ್ಲಿ ಮೂರನೆಯ ದಿನ, ಮಧ್ಯಾಹ್ನ, ಡಾಕ್ಟರು ಹೊರಗೆ ಬಂದು ಹೇಳುವುದನ್ನು ಹೇಳಿ ಹೋದರು. ಅಮ್ಮ ಒಳಗೆ ಹೋದಳು. ತಮ್ಮ ಕಾಗದಪತ್ರಕ್ಕೆಂದು ಕೆಳಗೆ ಓಡಿದ. ಅಕ್ಕ ಕಾರಿಡಾರಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಎದೆಯೊಳಗೆ ಏನಾದರೂ ಆಗುತ್ತದೆ ಎಂದು ಕಾದಳು. ಏನೂ ಆಗಲಿಲ್ಲ. ಎದುರಿನ ಗೋಡೆಯ ಟೈಲುಗಳನ್ನು ಎಣಿಸಿದಳು. ಆಗ ಮಡಿಲಿನಲ್ಲಿದ್ದ ಫೋನು ಗುಂಯ್‌ಗುಡತೊಡಗಿ ನಿಲ್ಲಲೇ ಇಲ್ಲ. ಕಟ್ಟೆಗೆ ಬೆಂಕಿ ಬಿದ್ದಂತಿತ್ತು. 'ಬಂತು, ಬಂತು, ಬಂತ್ರಪ್ಪೋ!' ಕೆಳಗೆ ಎರಡು ನಿಮಿಷದ ವಿಡಿಯೊ. ಅವಳ ಬೆರಳು ಅದನ್ನು ಒತ್ತಿತು. ಹದಿಮೂರು ವರ್ಷದ ರೂಢಿ, ಬೆರಳಿಗೆ ಸಾವುನೋವು ತಿಳಿಯುತ್ತದೆಯೇ? ಹಳೆಯ ರಾಗ ಕೇಳಿಸಿತು. ಕಂಚಿನ ಬಾಗಿಲು ಗೇಣಷ್ಟು ತೆರೆಯಿತು. ಅಕ್ಕ ಬಿಕ್ಕಿ ಬಿಕ್ಕಿ ಅತ್ತಳು.

ತಮ್ಮ ಕಾಗದಪತ್ರದ ಚೀಲ ಹಿಡಿದು ಮೇಲೆ ಬಂದ. ಅಕ್ಕ ಅಳುವುದನ್ನು ನೋಡಿ ಭುಜದ ಮೇಲೆ ಕೈಯಿಟ್ಟ. ಆಮೇಲೆ ಫೋನಿನ ಪರದೆ ನೋಡಿದ.

"ಅಪ್ಪ ಒಳಗೆ ಹಾಗೆ ಮಲಗಿದ್ದಾರೆ. ನೀನು ಇದಕ್ಕೆ ಅಳ್ತಿದ್ದೀಯಾ?"

ಇಲ್ಲ ಎನ್ನಬಹುದಿತ್ತು. ಲೋಕದಲ್ಲಿ ಯಾವ ಹೆಣ್ಣುಮಗಳಾದರೂ ಇಲ್ಲ ಎನ್ನುತ್ತಿದ್ದಳು. ಅಕ್ಕ ಒಂದು ಕ್ಷಣ ಯೋಚಿಸಿದಳು, ಗಾಜಿನ ನಂಬರ್ ನೋಡಿ ಹೇಳುವಷ್ಟೇ ನಿಖರವಾಗಿ "ಹೂಂ, ಇದಕ್ಕೇ" ಎಂದಳು. ತಮ್ಮ ಕೈ ತೆಗೆದ. ಆಮೇಲಿನ ಐದು ತಿಂಗಳು ಅವನು ಅವಳ ಜೊತೆ ಒಂದು ಮಾತನ್ನೂ ಆಡಲಿಲ್ಲ.

ಅವಳೂ ಆಮೇಲೆ ಅಳಲಿಲ್ಲ. ಅಪ್ಪನನ್ನು ಒಯ್ಯುವಾಗ ಅಳಲಿಲ್ಲ, ಬಂದವರು ತಬ್ಬಿಕೊಂಡಾಗ ಅಳಲಿಲ್ಲ. ಒಬ್ಬ ಚಿಕ್ಕಮ್ಮನಂತೂ "ಅತ್ತುಬಿಡು, ಹಗುರಾಗ್ತೀಯ" ಎಂದು ಬೆನ್ನು ತಿಕ್ಕಿ ತಿಕ್ಕಿ ಸುಸ್ತಾಗಿ ಕೊನೆಗೆ ತಾನೇ ಅತ್ತು ಎದ್ದುಹೋದಳು. ಅಪ್ಪ ಹೋದ ಮೇಲೆ ಅಮ್ಮ ಪಟ್ಟಣದ ಆ ತುದಿಯಲ್ಲಿದ್ದ ತಮ್ಮನ ಮನೆಗೆ ಹೋದಳು. ಅಕ್ಕ ಹಳೆಯ ಬಾಡಿಗೆ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಎದ್ದಳು, ಗಡಿಯಾರ ನೋಡಿ ಉಂಡಳು, ಗಡಿಯಾರ ನೋಡಿ ಮಲಗಿದಳು. ದುಃಖ ಎಂದರೆ ಭಾರ ಎಂದು ಕೇಳಿದ್ದಳು. ಇದಕ್ಕೆ ಭಾರವೂ ಇರಲಿಲ್ಲ. ಹಲ್ಲು ಕೀಳಿಸುವಾಗ ಸೂಜಿ ಚುಚ್ಚಿಸಿಕೊಂಡ ಕೆನ್ನೆಯನ್ನು ಮುಟ್ಟಿ ನೋಡಿದ ಹಾಗೆ, ಕೆನ್ನೆ ಇದೆ, ತನ್ನದಲ್ಲ.

ಕೆಲಸ ಮಾತ್ರ ಎಂದಿಗಿಂತ ಚೆನ್ನಾಗಿ ನಡೆಯಿತು. ಗಾಜಿನ ನಡುಬಿಂದುವಿಗೆ ಮಸಿಯ ಚುಕ್ಕೆ ಇಡುವುದು, ನೀರು ತೊಟ್ಟಿಕ್ಕುವ ಚಕ್ರಕ್ಕೆ ಅಂಚು ಒಡ್ಡುವುದು, ಫ್ರೇಮಿಗೆ ಕೂರಿಸಿ ನೋಡುವುದು, ಮತ್ತೆ ಕೂದಲೆಳೆಯಷ್ಟು ತೇಯುವುದು. ಐದು ತಿಂಗಳಲ್ಲಿ ಒಂದು ಗಾಜೂ ಒಡೆಯಲಿಲ್ಲ. ಮುಂದಿನ ಕೋಣೆಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷಿಸುವ ಹಿರಿಯರೊಬ್ಬರಿದ್ದರು, ಬಾಯಿ ಸುಮ್ಮನಿರದ ಮನುಷ್ಯ. ಒಂದು ದಿನ ಅವರು ಬಾಗಿಲಲ್ಲಿ ನಿಂತು, "ಅಲ್ಲಮ್ಮ, ಹೆಬ್ಬೆರಳಲ್ಲಿ ರಕ್ತ ಸುರೀತಿದೆ, ನೋಡ್ಕೊಂಡ್ಯಾ?" ಎಂದರು.

ಅಕ್ಕ ನೋಡಿಕೊಂಡಳು. ಚಕ್ರದ ನೀರು ಕೆಂಪಗಾಗಿತ್ತು. "ಗಾಜಿಗೆ ತಾಗಿಲ್ಲ ಬಿಡಿ" ಎಂದಳು.

"ಗಾಜು ಹಾಳಾಗ್ಲಿ, ಬೆರಳು ನಿನ್ನದಲ್ವೇನಮ್ಮ?" ಎಂದು ಗೊಣಗುತ್ತ ಅವರೇ ಬಟ್ಟೆ ಸುತ್ತಿದರು.

ಆಟ ಬಿಡುಗಡೆಯಾಗಲು ಒಂದು ತಿಂಗಳಿದ್ದಾಗ ಕಂಪನಿಯವರು ಹೊಸ ನಿಯಮವೊಂದನ್ನು ಹೊರಡಿಸಿದರು. ನಾಲ್ಕನೆಯ ಭಾಗವನ್ನು ಆಡಿ ಮುಗಿಸಿದವರು ಆಟ ನಿಲ್ಲಿಸಿದ ಜಾಗವನ್ನು ಉಳಿಸಿಟ್ಟ ತಮ್ಮ ಕೊನೆಯ ಫೈಲನ್ನು ಐದನೆಯದಕ್ಕೆ ಕೊಟ್ಟರೆ, ಬಾಗಿಲು ದಾಟಿದ ಸಂಗಾತಿಗಳು ಅದೇ ಹೆಸರು, ಅದೇ ಗಾಯದ ಗುರುತು, ಅದೇ ಹರಕು ಬೂಟಿನೊಂದಿಗೆ ಮುಂದಿನ ಕಥೆಗೆ ಬರುತ್ತಾರೆ. ಸತ್ತವರು ಬರುವುದಿಲ್ಲ. ಛತ್ರದಲ್ಲಿ ಬಿಟ್ಟವರೂ ಬರುವುದಿಲ್ಲ. ಆಟದಲ್ಲಿ ಒಂದು ಛತ್ರವಿತ್ತು, ತಂಡದಲ್ಲಿ ಆರಕ್ಕಿಂತ ಹೆಚ್ಚು ಜನರಿಗೆ ಜಾಗವಿಲ್ಲದ್ದರಿಂದ ಬೇಡವಾದವರನ್ನು ಅಲ್ಲಿ ಬಿಟ್ಟು ಹೋಗಬೇಕು. ಅವರು ಒಲೆಯ ಮುಂದೆ ಕೂತು ಕಾಯುತ್ತಿರುತ್ತಾರೆ.

ಕಟ್ಟೆಯಲ್ಲಿ ಹಾಹಾಕಾರ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂದು ಎಲ್ಲರೂ ಯಾರನ್ನೋ ಒಬ್ಬರನ್ನು ಛತ್ರದಲ್ಲಿ ಬಿಟ್ಟು ಬಂದಿದ್ದರು. ಒಬ್ಬನಂತೂ ಹೆಂಡತಿಯ ಹೆಸರಿಟ್ಟಿದ್ದ ಮಾಟಗಾತಿಯನ್ನೇ ಬಿಟ್ಟಿದ್ದ, ಈಗ ಅದನ್ನು ಹೆಂಡತಿಗೆ ಹೇಗೆ ಹೇಳಲಿ ಎಂದು ನಾಲ್ಕು ಸಾವಿರ ಜನರ ಸಲಹೆ ಕೇಳುತ್ತಿದ್ದ.

ಆ ವಾರವೇ ಅಮ್ಮನ ಫೋನು ಬಂತು.

"ಅಕ್ಕ, ಊಟ ಆಯ್ತಾ? ಅವನು ಕೇಳ್ತಿದ್ದಾನೆ. ಅದೇನೋ ಆರು ಜನ ನಿನ್ನ ಹತ್ರ ಇದ್ದಾರಂತಲ್ಲ, ಅವರನ್ನ ಕಳಿಸಬೇಕಂತೆ."

"ಅವನೇ ಕೇಳಬಹುದಿತ್ತಲ್ಲಮ್ಮ."

"ನಿನ್ನ ಹತ್ರ ಮಾತಾಡಲ್ವಂತೆ ಕಣೇ. ನಾನು ಪೋಸ್ಟ್‌ಮ್ಯಾನ್ ಆಗಿದ್ದೀನಿ. ಆ ಆರು ಜನರಲ್ಲಿ ಅಪ್ಪನೂ ಇದ್ದಾರಂತೆ, ಅದಕ್ಕೇ ಬೇಕಂತೆ. ಏನು ಆಟವೋ ಏನು ಕಥೆಯೋ."

ಇತ್ತು, ಕಥೆ ಇತ್ತು. ನಾಲ್ಕನೆಯ ಭಾಗವನ್ನು ಅಕ್ಕ ತಮ್ಮ ಒಂದೇ ಕಂಪ್ಯೂಟರಿನಲ್ಲಿ ಕೂಡಿ ಆಡಿದ್ದರು. ಕೀಲಿಮಣೆ ಅಕ್ಕನದು, ನಕ್ಷೆ ತಮ್ಮನದು. ಸಂಗಾತಿಗಳಲ್ಲಿ ನಾಲ್ವರಿಗೆ ಮನೆಯವರ ಹೆಸರಿಟ್ಟರು. ಅಮ್ಮ ಮದ್ದು ಕೊಡುವವಳು, ತಮ್ಮ ಕಳ್ಳ, ಅಕ್ಕ ಕತ್ತಿಯವಳು. ಅಪ್ಪನನ್ನು ಗುರಾಣಿಯವನನ್ನಾಗಿ ಮಾಡಿದರು, ಆನೆಯಂಥ ಆಳು, ಆಮೆಯಂಥ ನಡಿಗೆ. ಅಪ್ಪನೂ ಹಾಗೇ ಇದ್ದರು. ನೀರು ಸರಬರಾಜಿನ ಪಂಪ್ ಹೌಸಿನಲ್ಲಿ ಮೂವತ್ತು ವರ್ಷ ದುಡಿದ ಅವರು ಬಸ್ಸು ಹೊರಟರೂ ಓಡಿದವರಲ್ಲ. ಕೆಲಸದಿಂದ ಬಂದು ಮಕ್ಕಳ ಹಿಂದೆ ನಿಂತು, "ನಾನು ಇನ್ನೂ ಬದುಕಿದ್ದೀನಾ?" ಎಂದು ಕೇಳುವುದು, ಹೂಂ ಎಂದರೆ ಸಮಾಧಾನದಿಂದ ಕೈಕಾಲು ತೊಳೆಯಲು ಹೋಗುವುದು. ಆಟ ಮುಗಿದ ದಿನ ತಮ್ಮ ಅವರಿಗೆ, "ಕೊನೇಲಿ ಕಾವಲುಗಾರನ್ನ ತಡೆದು ನಿಂತಿದ್ದು ನೀವೇ ಅಪ್ಪ" ಎಂದಿದ್ದ. ಅಪ್ಪ ಅದನ್ನು ಪಂಪ್ ಹೌಸಿನಲ್ಲೆಲ್ಲ ಹೇಳಿಕೊಂಡು ಬಂದರು. ನಿವೃತ್ತಿಯ ದಿನ ಅವರ ಮೇಲಧಿಕಾರಿ ಭಾಷಣದಲ್ಲೂ ಅದನ್ನು ಸೇರಿಸಿಬಿಟ್ಟಿದ್ದರು.

ಅದು ಸುಳ್ಳು ಎಂದು ಗೊತ್ತಿದ್ದದ್ದು ಅಕ್ಕನಿಗೆ ಒಬ್ಬಳಿಗೇ.

ಕೊನೆಯ ಕಾಳಗದ ಕ್ರಮ ಹೀಗೆ. ಐದು ಜನ ಐದು ಸರಪಳಿ ಎಳೆದು ಬಾಗಿಲು ತೆರೆಯಬೇಕು, ಅಷ್ಟು ಹೊತ್ತು ಆರನೆಯವನು ಕಲ್ಲಿನ ಕಾವಲುಗಾರನನ್ನು ತಡೆಯಬೇಕು. ಬಾಗಿಲು ತೆರೆದ ಕೂಡಲೇ ಎಲ್ಲರೂ ಓಡಬೇಕು. ಗುರಾಣಿಯವನು ತಡೆಯುತ್ತಾನೆ, ಬಂಡೆಯ ಹಾಗೆ ತಡೆಯುತ್ತಾನೆ, ಆದರೆ ಓಡಲಾರ. ಹದಿಮೂರು ವರ್ಷದ ಹಿಂದಿನ ಒಂದು ಭಾನುವಾರ, ತಮ್ಮ ಪರೀಕ್ಷೆ ಬರೆಯಲು ಹೋಗಿದ್ದಾಗ, ಅಕ್ಕ ಎಂಟು ಸಲ ಸೋತಳು. ಬೇಸತ್ತು ಅಪ್ಪನನ್ನು ಛತ್ರದಲ್ಲಿ ಬಿಟ್ಟು, ಕಟ್ಟೆಯವರು ಹೇಳಿದ್ದ ಚುರುಕಾದ ಬಿಲ್ಲುಗಾರನನ್ನು ಕರೆದುಕೊಂಡು ಹೋಗಿ ಒಂದೇ ಸಲಕ್ಕೆ ಗೆದ್ದಳು. ತಮ್ಮ ಬಂದಾಗ "ಗೆದ್ವಿ ಕಣೋ" ಎಂದು ಕೊನೆಯ ದೃಶ್ಯ ತೋರಿಸಿದಳು. ಅದರಲ್ಲಿ ಕಾಣುವುದು ಆರು ನೆರಳು ಮಾತ್ರ. ಯಾವ ನೆರಳು ಯಾರದೆಂದು ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಅಕ್ಕ ಹಳೆಯ ಕಂಪ್ಯೂಟರಿನ ಧೂಳು ಒರೆಸಿ ಚಾಲೂ ಮಾಡಿದಳು. ಕೊನೆಯ ಫೈಲಿನಲ್ಲಿ ಬಿಲ್ಲುಗಾರ ನಗುತ್ತ ನಿಂತಿದ್ದ. ಅದಕ್ಕೂ ಹಿಂದಿನ ಫೈಲು ಒಂದೇ ಉಳಿದಿತ್ತು, ಛತ್ರದ್ದು. ಅಲ್ಲಿ ಅಪ್ಪ ಒಲೆಯ ಮುಂದೆ ಮೊಣಕಾಲ ಮೇಲೆ ಗುರಾಣಿ ಇಟ್ಟುಕೊಂಡು ಕೂತಿದ್ದರು. ನೋಡಿದರೆ ಹೊಟ್ಟೆ ಚುರ್ ಎನ್ನಬೇಕಿತ್ತು. ಅನ್ನಲಿಲ್ಲ. ಇಲ್ಲಿ ತಪ್ಪಾಗಿದೆ, ಸರಿ ಮಾಡಬೇಕು, ಅಷ್ಟೇ ಅನಿಸಿತು, ಅಳತೆ ತಪ್ಪಿದ ಕನ್ನಡಕ ವಾಪಸ್ ಬಂದಾಗ ಅನಿಸುವಷ್ಟು.

ದಿನಾ ಕೆಲಸದಿಂದ ಬಂದು, ಬೆಳಕು ಆರುವ ಮೊದಲೇ ಆಟಕ್ಕೆ ಕೂರತೊಡಗಿದಳು. ಬಿಲ್ಲುಗಾರನನ್ನು ಛತ್ರದಲ್ಲಿ ಬಿಟ್ಟು ಅಪ್ಪನನ್ನು ಎಬ್ಬಿಸಿ ಹೊರಡುವುದು. ಅಪ್ಪ ತಡೆದು ನಿಲ್ಲುತ್ತಿದ್ದರು. ಬಾಗಿಲು ತೆರೆಯುತ್ತಿತ್ತು, ಐವರು ಓಡುತ್ತಿದ್ದರು. ಅಪ್ಪ ತಿರುಗಿ ತಮ್ಮದೇ ಲೆಕ್ಕದ ಹೆಜ್ಜೆ ಹಾಕುತ್ತ ಬರುತ್ತಿದ್ದರು, ಹೊಸ್ತಿಲು ನಾಲ್ಕು ಮಾರು ದೂರವಿರುವಾಗ ಕಾವಲುಗಾರನ ಗದೆ ಬೆನ್ನಿಗೆ ಬೀಳುತ್ತಿತ್ತು. ಹಗುರವಾದ ಅಂಗಿ ತೊಡಿಸಿದಳು, ಮದ್ದು ಕುಡಿಸಿದಳು, ಬೂಟು ಬದಲಿಸಿದಳು. ಊಹೂಂ. ಕಟ್ಟೆಯಲ್ಲಿ ಕೇಳಿದಳು. 'ಗುರಾಣಿಯವನನ್ನ ಛತ್ರದಲ್ಲಿ ಬಿಟ್ಟು ಹೋಗಪ್ಪ ಮೊಂಡುಕತ್ತಿ, ಅವನಿಂದ ಏನಾಗಬೇಕು ನಿಂಗೆ?' ಎಂದು ಉತ್ತರ ಬಂತು.

ಇಂಥ ಆಟ ಆಡುವವರಿಗೆಲ್ಲ ಒಂದು ಚಾಳಿ ಇರುತ್ತದೆ. ಸಂಗಾತಿಯೊಬ್ಬ ಬೀಳುತ್ತಿದ್ದಾನೆ ಎಂದು ಕಂಡ ತಕ್ಷಣ, ಅವನು ನೆಲ ಮುಟ್ಟುವ ಮೊದಲೇ ಹಿಂದಿನ ಫೈಲಿಗೆ ಹೋಗಿಬಿಡುವುದು. ಬಿದ್ದದ್ದನ್ನು ನೋಡಲೇಬಾರದು, ನೋಡದಿದ್ದರೆ ಆಗಿಲ್ಲ. ಕಟ್ಟೆಗೆ ಹೊಸದಾಗಿ ಬಂದವರಿಗೆ ಮೊದಲು ಕಲಿಸುವ ಪಾಠವೇ ಅದು. ಅಕ್ಕನ ಬೆರಳು ಅದರಲ್ಲಿ ಎಷ್ಟು ಪಳಗಿತ್ತೆಂದರೆ ಗದೆ ಮೇಲೆದ್ದರೆ ಸಾಕು, ಅಪ್ಪ ಮತ್ತೆ ಛತ್ರದ ಒಲೆಯ ಮುಂದೆ ಕೂತಿರುತ್ತಿದ್ದರು.

ಅಮ್ಮ ಮತ್ತೆ ಮತ್ತೆ ಫೋನು ಮಾಡಿದಳು. ಅಕ್ಕ ನಾಳೆ, ನಾಡಿದ್ದು ಎಂದು ಆಟದ ಕಂಪನಿಯ ಹಾಗೆಯೇ ದಿನ ತಳ್ಳಿದಳು. ಬಿಡುಗಡೆಯ ಹಿಂದಿನ ದಿನ ತಳ್ಳಲು ದಿನವೇ ಉಳಿಯಲಿಲ್ಲ.

"ಏನೇ ನಿಂದು? ಅವನು ಮುಖ ಸಣ್ಣ ಮಾಡ್ಕೊಂಡು ಕೂತಿದ್ದಾನೆ. ಕಳಿಸಿಬಿಡೇ."

"ಅಮ್ಮ, ಅವನಿಗೆ ಹೇಳು. ಅಪ್ಪ ಅದರಲ್ಲಿ ಇಲ್ಲ."

ಆ ಕಡೆ ಕುಕ್ಕರೋ ಏನೋ ಕೂಗಿತು. "ಅಪ್ಪ ಎಲ್ಲೂ ಇಲ್ಲ ಕಣೇ ಅಕ್ಕ. ಅಷ್ಟೂ ಗೊತ್ತಿಲ್ವಾ ಅವನಿಗೆ?" ಎಂದು ಅಮ್ಮ ಫೋನಿಟ್ಟಳು.

ಮರುದಿನ ಅಂಗಡಿಗೆ ವಾರದ ರಜೆ. ಬೆಳಿಗ್ಗೆ ಹತ್ತಕ್ಕೆ ಐದನೆಯ ಭಾಗ ಬಿಡುಗಡೆಯಾಯಿತು. ಕಟ್ಟೆಯಲ್ಲಿ ಒಬ್ಬೊಬ್ಬರಾಗಿ 'ಒಳಗೆ ಹೋಗ್ತಿದ್ದೀನಿ' ಎಂದು ಬರೆದು ಮಾಯವಾಗುತ್ತಿದ್ದರು. ಕಾಯುವ ಉದ್ಯೋಗದಿಂದ ನಾಲ್ಕು ಸಾವಿರ ಜನ ಒಂದೇ ದಿನ ನಿವೃತ್ತರಾದರು. ಹತ್ತೂವರೆಗೆ ಬಾಗಿಲು ತಟ್ಟಿದ ಸದ್ದಾಯಿತು. ತಮ್ಮ ನಿಂತಿದ್ದ. ಬಸ್ ಡಿಪೋದ ಮೆಕ್ಯಾನಿಕ್ ಅವನು, ಅರ್ಧ ದಿನ ರಜೆ ಹಾಕಿ ಡಿಪೋದ ನೀಲಿ ಅಂಗಿಯಲ್ಲೇ ಬಂದಿದ್ದ.

"ಯಾಕಿಲ್ಲ?" ಎಂದ. ಐದು ತಿಂಗಳಿಗೆ ಮೊದಲ ಮಾತು.

ಅಕ್ಕ ಹೇಳಿದಳು. ಭಾನುವಾರ, ಪರೀಕ್ಷೆ, ಎಂಟು ಸೋಲು, ಬಿಲ್ಲುಗಾರ, ಛತ್ರ. ಒಂದನ್ನೂ ಮುಚ್ಚಿಡದೆ, ಒಂದಕ್ಕೂ ಕ್ಷಮೆ ಕೇಳದೆ ಹೇಳಿದಳು. ತಮ್ಮ ಬೈಯಲಿಲ್ಲ. ಕಂಪ್ಯೂಟರಿನ ಮುಂದಿನ ಎರಡನೆಯ ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಮಂಚದ ಮೇಲೆ ಹಾಕಿ ಕೂತ.

"ಈಗ ಎಷ್ಟು ಸಲ ಆಡಿದೆ?"

"ಅರವತ್ತೆರಡು."

"ಆಡು, ನೋಡ್ತೀನಿ."

ಆಡಿದಳು. ಅಪ್ಪ ತಡೆದು ನಿಂತರು. "ಎಡಕ್ಕೆ ತಗೋ, ಎಡಕ್ಕೆ" ಎಂದ ತಮ್ಮ. ಬಾಗಿಲು ತೆರೆಯಿತು. ಐವರು ಓಡಿದರು. ಅಪ್ಪ ತಿರುಗಿ ನಡೆಯತೊಡಗಿದರು. ಗದೆ ಮೇಲೆದ್ದಿತು, ಅಕ್ಕನ ಬೆರಳು ಹೋಯಿತು, ಛತ್ರ ಬಂತು. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ತಮ್ಮ ಏನೂ ಹೇಳುತ್ತಿಲ್ಲವಲ್ಲ ಎಂದು ಅಕ್ಕ ತಿರುಗಿ ನೋಡಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ.

"ಅದೇ ನಡಿಗೆ ಕಣೇ. ಹಾಗೇ ನಡೀತಿದ್ರಲ್ಲ. ಆಸ್ಪತ್ರೆಗೆ ಹೋಗುವಾಗಲೂ ಆಟೋ ತನಕ ಹಾಗೇ ನಡ್ಕೊಂಡು ಬಂದ್ರು. ಬೇಗ ಬನ್ನಿ ಅಪ್ಪ ಅಂತ ನಾನು ರೇಗಿದೆ."

ಅಕ್ಕ ಅವನನ್ನು ನೋಡುತ್ತ ಕೂತಳು. ಅವಳಿಗೆ ಅವನ ಮೇಲೆ ಕರುಣೆ ಹುಟ್ಟಲಿಲ್ಲ. ಹುಟ್ಟಿದ್ದು ಹೊಟ್ಟೆಕಿಚ್ಚು. ಇವನಿಗೆ ಎಷ್ಟು ಸುಲಭವಾಗಿ ಬರುತ್ತದೆ, ನಲ್ಲಿ ತಿರುಗಿಸಿದ ಹಾಗೆ. ಆದರೂ ಐದು ತಿಂಗಳಲ್ಲಿ ಅವಳಿಗೆ ಏನಾದರೂ ಒಂದು ಹುಟ್ಟಿದ್ದು ಅದೇ ಮೊದಲು.

ತಮ್ಮ ತೋಳಿನಿಂದ ಮುಖ ಒರೆಸಿಕೊಂಡ. ಗ್ರೀಸಿನ ಕಪ್ಪು ಕೆನ್ನೆಗೆ ಮೆತ್ತಿತು. ಆಮೇಲೆ ಮೆಲ್ಲಗೆ ಕೇಳಿದ.

"ಆ ಗದೆ ಬಿದ್ದ ಮೇಲೆ ಏನಾಗತ್ತೆ?"

"ಗೊತ್ತಿಲ್ಲ."

"ಅರವತ್ತು ಸಲ ಆಡಿ ಗೊತ್ತಿಲ್ವಾ?"

"ಬೀಳೋಕೆ ಬಿಟ್ಟೇ ಇಲ್ಲ ಕಣೋ."

ತಮ್ಮ ಪರದೆಯನ್ನೇ ನೋಡುತ್ತಿದ್ದ. ಛತ್ರದ ಒಲೆಯಲ್ಲಿ ಬೆಂಕಿ ಮಿಣುಕುತ್ತಿತ್ತು, ಅಪ್ಪ ಕೂತಿದ್ದರು. "ಇಲ್ಲೇ ಬಿಟ್ರೆ ಯಾವತ್ತೂ ಇಲ್ಲೇ ಕೂತಿರ್ತಾರೆ," ಎಂದ. "ಬಾಗಿಲ ತನಕ ಕರ್ಕೊಂಡು ಹೋಗೋಣ ಅಕ್ಕ. ಬಿದ್ರೆ ಬೀಳಲಿ. ತಡೆದು ನಿಂತ್ರು ಅನ್ನೋದಾದ್ರೂ ನಿಜ ಆಗಲಿ. ನೀನು ಈ ಸಲ ಏನೂ ಒತ್ತಬೇಡ."

ಹೊರಟರು. ಆರೂ ಜನ ಮೆಟ್ಟಿಲು ಹತ್ತಿದರು. ಐವರು ಸರಪಳಿ ಎಳೆದರು, ಅಪ್ಪ ಗುರಾಣಿ ಎತ್ತಿ ನಿಂತರು. ಕಾವಲುಗಾರ ಹೊಡೆದ, ಮತ್ತೆ ಹೊಡೆದ. ಅಪ್ಪ ಕದಲಲಿಲ್ಲ. ಬಾಗಿಲು ತೆರೆಯಿತು. ಉಳಿದವರು ಓಡಿದರು. ಅಪ್ಪ ತಿರುಗಿ, ಅವಸರವಿಲ್ಲದೆ, ಬಂದರು. ಗದೆ ಮೇಲೆದ್ದಿತು. ಅಕ್ಕನ ಬೆರಳು ತಾನಾಗಿ ಮುಂದಕ್ಕೆ ಸರಿಯಿತು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಳು.

ಗದೆ ಬಿತ್ತು. ಅಪ್ಪ ಮೊದಲು ಮೊಣಕಾಲೂರಿದರು, ಆಮೇಲೆ ಪಕ್ಕಕ್ಕೆ ಒರಗಿದರು. ಗುರಾಣಿ ಕಲ್ಲಿನ ಮೇಲೆ ಉರುಳಿ ಸದ್ದು ಮಾಡಿ ನಿಂತಿತು. ಓಡಿದ್ದ ಐವರು ಹೊಸ್ತಿಲಲ್ಲಿ ನಿಂತು ಹಿಂದಿರುಗಿ ನೋಡಿದರು. ಆಟದವರು ಇದನ್ನು ಯಾರಿಗೋಸ್ಕರ ಮಾಡಿಟ್ಟಿದ್ದರೋ, ನಾಲ್ಕು ಸಾವಿರ ಜನರಲ್ಲಿ ಎಷ್ಟು ಮಂದಿ ಇದನ್ನು ನೋಡಿದ್ದರೋ. ಸಂಗೀತವಿರಲಿಲ್ಲ. ಪರದೆಯ ನಡುವೆ ಎರಡೇ ಪದ ಮೂಡಿದವು, 'ಅಪ್ಪ ಇನ್ನಿಲ್ಲ.' ಕೆಳಗೆ ಒಂದೇ ಬಟನ್, 'ಸರಿ.'

ಅಕ್ಕ ಅದನ್ನು ಓದಿದಳು. ಮತ್ತೊಮ್ಮೆ ಓದಿದಳು. ಇಲ್ಲ ಎನ್ನುವುದಕ್ಕೆ ಬಟನ್ ಎಲ್ಲಿದೆ ಎಂದು ಪರದೆಯ ನಾಲ್ಕೂ ಮೂಲೆ ಹುಡುಕಿದಳು.

"ಅದೊಂದೇ ಇರೋದು ಅಕ್ಕ," ಎಂದ ತಮ್ಮ.

"ಗೊತ್ತು."

ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುವ ಸದ್ದು ಬರುತ್ತಿತ್ತು. ಅದು ನಿಂತ ಮೇಲೆ ಅವಳು ಕೈಯನ್ನು ಹೊರಗೆ ತೆಗೆದು 'ಸರಿ' ಒತ್ತಿದಳು. ಐವರು ತಿರುಗಿ ಬಾಗಿಲು ದಾಟಿದರು. ಪರದೆ ಕಪ್ಪಾಯಿತು.

ಅಕ್ಕ ತಮ್ಮನ ಕಡೆ ತಿರುಗಿದಳು. ಕಣ್ಣು ಒಣಗಿಯೇ ಇತ್ತು. ದೂರದ ಊರಿನಿಂದ ಈಗಷ್ಟೇ ಬಂದಿಳಿದ, ಏನೂ ತಿಳಿಯದ ಒಬ್ಬನಿಗೆ ಸುದ್ದಿ ಹೇಳುವ ಹಾಗೆ ಅವನ ತೋಳು ಹಿಡಿದುಕೊಂಡಳು.

"ಅಪ್ಪ ತೀರಿಕೊಂಡ್ರು ಕಣೋ."

ಆಸ್ಪತ್ರೆಯ ಕಾಗದಗಳಿಗೆಲ್ಲ ಸಹಿ ಹಾಕಿದ್ದ, ಅಪ್ಪನನ್ನು ಹೆಗಲ ಮೇಲೆ ಹೊತ್ತಿದ್ದ ತಮ್ಮ, ಆ ಮಾತನ್ನು ಮೊದಲ ಸಲ ಕೇಳುತ್ತಿರುವವನಂತೆ ಕೇಳಿಸಿಕೊಂಡ.

"ಹೌದಾ ಅಕ್ಕ," ಎಂದ. "ಯಾವಾಗ?"